ಡೇರೆ ಹೂವಿಗೆ ಲಗೇಜ್ ಟಿಕೆಟ್

ಕಂಡಕ್ಟರ್ ಮೂಟೆಯನ್ನು ಕಾಲಿನಿಂದ ಒತ್ತಿ ನೋಡಿದ. "ಅಕ್ಕಾ, ಇದರಲ್ಲಿ ಎಂತ?"

"ಮಣ್ಣು."

"ಎಂತ ಮಣ್ಣು?"

"ಸುಮ್ನೆ ಮಣ್ಣು. ಕೆಮ್ಮಣ್ಣು."

ಒಂದು ಗಳಿಗೆ ನನ್ನ ಮುಖ ನೋಡಿದ. "ಕಾರವಾರದಲ್ಲಿ ಮಣ್ಣು ಖಾಲಿ ಆಯ್ತಾ?" ಎಂದು ಕೇಳಿ ಲಗೇಜ್ ಟಿಕೆಟ್ ಕೊಟ್ಟ. ಶಿರಸಿಯಿಂದ ಕರಾವಳಿಗೆ ದೇವಿಮನೆ ಘಟ್ಟ ಇಳಿಯುವಾಗ ಒಂದೊಂದು ತಿರುವಿಗೂ ಮೂಟೆಯಿಂದ ಪಕ್ಕದವರ ಚಪ್ಪಲಿ ಮೇಲೆ ಒಂದೊಂದು ಹಿಡಿ ಉದುರಿತು. ಮೂಟೆ ಯಾರದೋ ಎಂಬಂತೆ ನಾನು ಕಿಟಕಿಯಿಂದ ಆಚೆ ನೋಡುತ್ತ ಕೂತೆ.

ಇಷ್ಟೆಲ್ಲ ಡೇರೆ ಹೂವಿಗಾಗಿ. ಪೇಟೆಯವರು ಡೇಲಿಯಾ ಅನ್ನುತ್ತಾರಲ್ಲ, ಅದೇ. ನಮ್ಮ ಶಿರಸಿ ಕಡೆ ಹೆಂಗಸರು ಮದುವೆಗೆ ಬಂಗಾರದ ಸರವನ್ನಾದರೂ ಕಡ ಕೊಟ್ಟಾರು, ಅಪರೂಪದ ಬಣ್ಣದ ಡೇರೆ ಗೆಡ್ಡೆ ಕೊಡಲಿಕ್ಕಿಲ್ಲ. ಮಳೆ ಹಿಡಿಯುವಾಗ ಮಣ್ಣು ಏರಿಸಿ ನೆಟ್ಟು, ಕೋಲು ಕಟ್ಟಿದರೆ ಚೌತಿ ಹೊತ್ತಿಗೆ ಊಟದ ಬಟ್ಟಲಿನಷ್ಟು ಹೂವು. ನನಗೆ ಕಾರವಾರದ ಶಾಲೆಗೆ ವರ್ಗವಾದಾಗ ಆಯಿ, ಅಂದರೆ ನನ್ನ ಅಮ್ಮ, ಉಪ್ಪಿನಕಾಯಿ ಭರಣಿ ಪಕ್ಕದಲ್ಲಿ ನಾಲ್ಕು ಗೆಡ್ಡೆ ಇಟ್ಟು ಕಳಿಸಿದಳು. ಉಪ್ಪಿನಕಾಯಿ ಚೆನ್ನಾಗಿ ಬಾಳಿತು.

ನಮ್ಮ ಬಾಡಿಗೆ ಮನೆ ಸಮುದ್ರದಿಂದ ಕೂಗಳತೆ ದೂರ. ಅಂಗಳ ಪೂರ್ತಿ ಮರಳು. ಒಂದು ಕೊಡ ನೀರು ಹೊಯ್ದು ಕೊಡ ಕೆಳಗಿಡುವುದರೊಳಗೆ ನೀರು ಎಲ್ಲಿ ಹೋಯಿತೆಂದು ಹುಡುಕಬೇಕು. ಮಳೆ ನಾಲ್ಕು ದಿನ ಬಿಡುವು ಕೊಟ್ಟಿದ್ದೇ ಮೊದಲ ವರ್ಷದ ಗೆಡ್ಡೆಗಳು ಮುದುಡಿ ಹೋದವು. ತಪ್ಪು ಮರಳಿನದು ಎಂದು ತೀರ್ಮಾನಿಸಿ ಎರಡನೇ ವರ್ಷ ಮಣ್ಣು ಹೊತ್ತು ತಂದೆ.

ಈ ಸಲ ಗಿಡವೇನೋ ಮೊಣಕಾಲೆತ್ತರ ಬಂತು. ಆಮೇಲೆ ಎಲೆಯ ಅಂಚು ಕಾಫಿ ಬಣ್ಣಕ್ಕೆ ತಿರುಗಿತು. ರೋಗ ಎಂದುಕೊಂಡು ಬೇವಿನೆಣ್ಣೆ ಹೊಡೆದೆ. ಅಂಚು ಇನ್ನಷ್ಟು ಸುಟ್ಟಿತು. ಒಂದು ದಿನ ಅನುಮಾನ ಬಂದು ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು! ನಮ್ಮ ಕಿಟಕಿ ಸರಳು ತಿಂದು ಹಾಕಿದ ಕಡಲ ಗಾಳಿಯೇ ಇಲ್ಲಿಗೂ ಬಂದಿತ್ತು. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಎಲೆ ನೆಕ್ಕುವಾಗ ಪಕ್ಕದ ಮನೆ ಅಜ್ಜಿ ಬೇಲಿಯಾಚೆ ನಿಂತಿದ್ದರು.

"ಅಕ್ಕೋರೇ, ಉಪ್ಪು ಖಾರ ಸರಿ ಇದ್ಯಾ?"

ಅಜ್ಜಿಯ ಅಂಗಳವೂ ಅದೇ ಮರಳು, ಅದೇ ಗಾಳಿ. ಆದರೆ ಗಾಳಿ ಬರುವ ಕಡೆಗೆ ಸಾಲಾಗಿ ಕಣಗಿಲೆ, ಕಾಗದದ ಹೂವು. ಅದರ ಮರೆಯಲ್ಲಿ ದಾಸವಾಳ, ಅಬ್ಬಲಿಗೆ. ಕಟ್ಟೆಯ ಬಿರುಕಿನಲ್ಲೆಲ್ಲ ಯಾರೂ ನೆಡದ ನಿತ್ಯಪುಷ್ಪ. ಅಜ್ಜಿ ನೀರು ಹಾಕಿದ್ದನ್ನು ನಾನು ನೋಡಿದ್ದು ಕಡಿಮೆ, ಹೂವು ಕೊಯ್ಯುವುದನ್ನು ಮಾತ್ರ ದಿನಾ ನೋಡುತ್ತೇನೆ. ಹೊಟ್ಟೆ ಉರಿಯದೇ ಇರುತ್ತದಾ?

ಕೊನೆಗೆ ನನ್ನ ಡೇರೆ ಒಂದು ಹೂವು ಬಿಟ್ಟಿತು. ಅಂಗಿ ಗುಂಡಿಗಿಂತ ಚೂರು ದೊಡ್ಡದು. ಫೋಟೋವನ್ನು ಹತ್ತಿರದಿಂದ ತೆಗೆದು ಆಯಿಗೆ ಕಳಿಸಿದೆ. ಹಿಂದೆ ಕಂಡ ನನ್ನ ಹೆಬ್ಬೆರಳನ್ನು ನೋಡಿ ಆಯಿಗೆ ಅಳತೆ ಸಿಕ್ಕಿಬಿಟ್ಟಿತು. "ಕೂಸೆ, ಗೊಬ್ಬರ ಹಾಕಿದ್ಯನೇ?" ಡೇರೆಯ ಮೂಲ ತವರು ಮೆಕ್ಸಿಕೋದ ಎತ್ತರದ ಗುಡ್ಡಗಳು, ಅದಕ್ಕೆ ರಾತ್ರಿ ತಂಪು ಬೇಕು, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಸಿಗುವ ತಂಪು ಇಲ್ಲಿಲ್ಲ ಎಂದೆಲ್ಲ ಹೇಳಿದೆ. ಡೇರೆಗೆ ಶಿರಸಿ ಬಿಟ್ಟು ಬೇರೆ ತವರು ಇದೆ ಎನ್ನುವುದನ್ನೇ ಆಯಿ ಒಪ್ಪಲಿಲ್ಲ.

ಸೋತವಳು ಸುಮ್ಮನಿರಬೇಕಿತ್ತು. ಅಜ್ಜಿ ಕೊಟ್ಟ ಮಲ್ಲಿಗೆ ಗಿಡವನ್ನು ಹಟಕ್ಕೆ ಆಯಿಗೆ ಕೊಟ್ಟು ಬಂದೆ. ಆಯಿ ಅದನ್ನು ಅಡಿಕೆ ತೋಟದ ಅಂಚಿನ ನೆರಳಲ್ಲಿ ನೆಟ್ಟು, ಕೊಟ್ಟಿಗೆ ಗೊಬ್ಬರವನ್ನು ಬುಟ್ಟಿಗಟ್ಟಲೆ ಸುರಿದಳು. ಬಿಸಿಲಿಲ್ಲ, ಗೊಬ್ಬರ ಜಾಸ್ತಿ. ಮಲ್ಲಿಗೆ ಮೈತುಂಬ ಸೊಪ್ಪಾಗಿ ನಿಂತಿದೆ, ಮೊಗ್ಗಿನ ಸುಳಿವಿಲ್ಲ.

ಮೊನ್ನೆ ಆಯಿ ಫೋನ್ ಮಾಡಿದ್ದಳು. ಅವಳಿಗೂ ಒಂದು ತೀರ್ಮಾನ ಹೊಳೆದಿದೆ. ತಪ್ಪೆಲ್ಲ ಕೆಮ್ಮಣ್ಣಿನದಂತೆ, ಬರುವಾಗ ಎರಡು ಮೂಟೆ ಕಾರವಾರದ ಮರಳು ತರಬೇಕಂತೆ. ಮಣ್ಣಿಗಾದರೆ ಲಗೇಜ್ ಟಿಕೆಟ್ ಸಾಕಾಯಿತು. ಮರಳೆಂದರೆ ಪೊಲೀಸರಿಗೂ ಉತ್ತರ ಕೊಡಬೇಕಲ್ಲ. ಸದ್ಯಕ್ಕೆ, ಅದೇ ಕಂಡಕ್ಟರ್ ಯಾವ ಹೊತ್ತಿನ ಬಸ್ಸಿಗೆ ಇರುವುದಿಲ್ಲ ಎಂದು ವಿಚಾರಿಸುತ್ತಿದ್ದೇನೆ.