ಸತ್ಯಾಂಶ: ವಾಲಿದ ಹಾಯಿದೋಣಿ ಮಗುಚಿಯೇ ಬಿಡುತ್ತದೆಯೇ?

ಜೋರು ಗಾಳಿಗೆ ಒಂದು ಪಕ್ಕಕ್ಕೆ ವಾಲಿದ ಹಾಯಿದೋಣಿಯ ವಿಡಿಯೋ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿರುತ್ತದೆ. ಕೆಳಗೆ, ‘ಇನ್ನೊಂದು ಕ್ಷಣ, ಮುಳುಗಿತು!’ ಎಂಬ ಸಾಲು. ನೋಡಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ದೊಡ್ಡ ಹಾಯಿದೋಣಿಗೆ ವಾಲುವುದು ಮಾಮೂಲಿ.

ಇಂಥ ದೋಣಿಯ ತಳದಲ್ಲಿ ಕೀಲ್ ಎಂಬ ರೆಕ್ಕೆಯಂಥ ಭಾಗವಿರುತ್ತದೆ. ಅದರಲ್ಲಿ ಸೀಸ ಅಥವಾ ಕಬ್ಬಿಣದ ಭಾರ. ದೋಣಿ ವಾಲಿದಷ್ಟೂ ಈ ಭಾರ ಪಕ್ಕಕ್ಕೆ ಸರಿದು, ದೋಣಿಯನ್ನು ವಾಪಸ್ ನೆಟ್ಟಗೆ ಎಳೆಯುತ್ತದೆ. ಇತ್ತ ಹಾಯಿ ಓರೆಯಾದಂತೆ ಗಾಳಿಯ ಹಿಡಿತವೂ ಸಡಿಲ. ತಂಜಾವೂರಿನ ತಲೆದೂಗುವ ಗೊಂಬೆ ತಳ್ಳಿದರೂ ಎದ್ದು ನಿಲ್ಲುತ್ತದಲ್ವಾ, ಹೆಚ್ಚುಕಡಿಮೆ ಹಾಗೆ.

ಹಾಗಂತ ಸುಮ್ನೆ ವಾಲಿಸಿಕೊಂಡು ಹೋಗುವುದು ಜಾಣತನವಲ್ಲ. ಗಾಳಿ (ಸಮುದ್ರದಲ್ಲಿ ವೇಗ ಅಳೆಯುವ ‘ನಾಟ್’ ಲೆಕ್ಕದಲ್ಲಿ) 10 ನಾಟ್‌ನಿಂದ 20 ನಾಟ್‌ಗೆ ಏರಿದರೆ ಹಾಯಿಯ ಮೇಲಿನ ಒತ್ತಡ ಸುಮಾರು 4 ಪಟ್ಟು. ಅದಕ್ಕೇ ನಾವಿಕರು ಮೊದಲೇ ಹಾಯಿಯನ್ನು ಮಡಚಿ ಚಿಕ್ಕದು ಮಾಡುತ್ತಾರೆ. ಜಾಸ್ತಿ ವಾಲಿದರೆ ವೇಗವೂ ಕಮ್ಮಿ, ಚುಕ್ಕಾಣಿಯೂ ಮಾತು ಕೇಳುವುದಿಲ್ಲ.

ಇಂಥ ದೋಣಿ ಬಿರುಗಾಳಿಯಲ್ಲೂ ಸಾಗಬಲ್ಲದು ಎನ್ನುವುದಕ್ಕೆ ಒಂದು ಉದಾಹರಣೆ: ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ‘ತಾರಿಣಿ’ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು ಜಗತ್ತು ಸುತ್ತಿ ಬಂದರು. ದಾರಿಯಲ್ಲಿ ಬಿರುಗಾಳಿಗೆ ಹೆಸರಾದ, ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಕೇಪ್ ಹಾರ್ನ್ ಕೂಡ ಇತ್ತು.

ಒಂದು ಎಚ್ಚರಿಕೆ: ಭಾರದ ಕೀಲ್ ಇಲ್ಲದ ಪುಟ್ಟ ಡಿಂಗಿ ದೋಣಿಗಳು ನಿಜವಾಗಿಯೂ ಮಗುಚುತ್ತವೆ. ಅದನ್ನು ಎತ್ತಿ ನಿಲ್ಲಿಸುವುದೇ ಕಲಿಯುವವರ ಮೊದಮೊದಲ ಪಾಠ, ಲೈಫ್ ಜಾಕೆಟ್ ಹಾಕಿಕೊಂಡು.