ನಮ್ಮವನೇ ಕುರ್ಚಿಯಲ್ಲಿದ್ದಾನೆ, ಪುರುಸೊತ್ತಿಲ್ಲ

ನಾನು ಗ್ರಾಮ ಆಡಳಿತ ಅಧಿಕಾರಿ. ಹೆಸರು ದೊಡ್ಡದಾಯ್ತು, ಕುಷ್ಟಗಿ ಕಡೆ ಜನ ಈಗಲೂ ತಲಾಟಿ ಅಂತಲೇ ಕರೆಯುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಸರ್ಟಿಫಿಕೇಟ್ ತೋರಿಸಿಯೇ ಕೆಲಸಕ್ಕೆ ಸೇರಿದವನು. ಬೀದರ್‌ನಿಂದ ಬಳ್ಳಾರಿವರೆಗೆ ಸಿ ದರ್ಜೆ ಹುದ್ದೆಗಳಲ್ಲಿ ಶೇ 80 ಇಲ್ಲಿನವರಿಗೇ ಅಂತ 2013ರಲ್ಲಿ ಆದೇಶ ಬಂತು. ನಮ್ಮ ಮಾತು ಬಲ್ಲವನು, ಗುಳೆ ಹೋದ ಮನೆಯ ಕಷ್ಟ ಕಂಡವನು ಕುರ್ಚಿಯಲ್ಲಿ ಕೂತರೆ ಬಡವರ ಪರ ಒಂದು ಮಾತಾಡುತ್ತಾನೆ ಅನ್ನೋ ಆಸೆ ಎಲ್ಲರಿಗೂ ಇತ್ತು. ನನಗೂ ಇತ್ತು.

ಈಗ ನನ್ನ ದಿನ ಕೇಳಿ. ಬೆಳೆ ಸಮೀಕ್ಷೆ, ಪಹಣಿಗೆ ಆಧಾರ್ ಜೋಡಣೆ, ಪೌತಿ ಖಾತೆ, ಬಗರ್ ಹುಕುಂ, ಜಾತಿ-ಆದಾಯದ ವರದಿ, ಮಧ್ಯೆ ಚುನಾವಣೆ ಕೆಲಸ. ಒಂದೊಂದಕ್ಕೂ ಒಂದೊಂದು ಆ್ಯಪ್. ಜೊತೆಗೆ ಪಕ್ಕದ ವೃತ್ತದ ಇನ್‌ಚಾರ್ಜ್. 2024ರ ಸೆಪ್ಟೆಂಬರ್‌ನಲ್ಲಿ ನಾವು ಮುಷ್ಕರಕ್ಕೆ ಕೂತಿದ್ದು ಸುಮ್ನೆ ಅಲ್ಲ.

ಇಷ್ಟು ಕೆಲಸ ಮೈಮೇಲಿದ್ದಾಗ ಮೊದಲು ಯಾರ ಕೆಲಸ ಆಗುತ್ತೆ ಗೊತ್ತಾ? ಕಾಗದ ಎಲ್ಲ ಸರಿ ಇರುವವನದ್ದು. ಎರಡು ನಿಮಿಷದಲ್ಲಿ ಮುಗಿಯುತ್ತೆ. ಅವನ ಮನೆಯಲ್ಲಿ ಓದಿದ ಒಬ್ಬ ಮಗ ಇರ್ತಾನೆ. ಮಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಬಂದವನ ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅವನಿಗೆ ಅರ್ಧ ತಾಸು ಬೇಕು. ಅವನಿಗೇ 'ನಾಳೆ ಬಾ'. ನಾನು ಯಾರಿಗಾಗಿ ಈ ಕುರ್ಚಿಗೆ ಬಂದೆನೋ ಅವನೇ ದಿನಾ ವಾಪಸ್ ಹೋಗೋದು. ಎಷ್ಟು ಪರ್ಸೆಂಟ್ ಆಯ್ತು ಅಂತ ಮೇಲಿನವರು ದಿನಾ ಕೇಳುತ್ತಾರೆ. ವಾಪಸ್ ಹೋದವರ ಲೆಕ್ಕಕ್ಕೆ ಯಾವ ಕಾಲಂ ಕೂಡ ಇಲ್ಲ.

(ಪುರುಸೊತ್ತಿದ್ದೂ 'ನಾಳೆ ಬಾ' ಅನ್ನುವವರು ನಮ್ಮಲ್ಲಿದ್ದಾರೆ. ಅವರ ವಕಾಲತ್ತು ನಾನು ಮಾಡ್ತಿಲ್ಲ.)

ಅಂಗನವಾಡಿ ಅಕ್ಕೋರದ್ದೂ ಇದೇ ಕಥೆ. ಅದೇ ಊರಿನ ಹೆಣ್ಣುಮಗಳೇ ಆಗಬೇಕು ಅನ್ನೋದು ಬಸುರಿ, ಬಾಣಂತಿ ಮನಸ್ಸು ಬಿಚ್ಚಿ ಮಾತಾಡಲಿ ಅಂತ ತಾನೇ? ಈಗ ಆಕೆ ಮುಖ ಗುರುತಿಸುವ ಆ್ಯಪ್‌ಗಾಗಿ ಬಾಣಂತಿಯ ಮುಖಕ್ಕೆ ಮೊಬೈಲ್ ಹಿಡಿದು, ನೆಟ್‌ವರ್ಕ್ ಬರಲಿ ಅಂತ ಕಾಯುತ್ತಾ ನಿಂತಿರ್ತಾಳೆ.

ಕಳೆದ ವರ್ಷ ಒಬ್ಬ ಅಜ್ಜಿ ಬಂದಿದ್ದಳು. ಸಂಧ್ಯಾ ಸುರಕ್ಷಾ ಅನ್ನೋ ವೃದ್ಧಾಪ್ಯ ಪಿಂಚಣಿಯ ತಿಂಗಳ 1,200 ರೂಪಾಯಿ ಐದು ತಿಂಗಳಿಂದ ಬಂದಿಲ್ಲ. ಮೂರು ಸಲ 'ನಾಳೆ ಬಾ ಯವ್ವಾ' ಅಂದಿದ್ದೆ. ನಾಲ್ಕನೇ ಸಲ ಅವಳು ಜಗಳ ಮಾಡಲಿಲ್ಲ. "ನೀ ನಮ್ಮ ಕಡ್ಯಾಂವ ಅದಿ ಅಂತ ಬಂದಿದ್ದೆ ನೋಡಪಾ" ಅಂದು ಕೋಲು ಊರಿಕೊಂಡು ಎದ್ದಳು.

ಆ ಭಾನುವಾರ ಅವಳ ಮನೆಗೆ ಹೋದೆ. ಡಬ್ಬಿಯಲ್ಲಿ ಎರಡು ಪಾಸ್‌ಬುಕ್ ಇದ್ದವು. ಸಂಘದ ಸಾಲಕ್ಕೆ ಅಂತ ಯಾರೋ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆಗೆಸಿದ್ದರು. ಆಧಾರ್ ಅಲ್ಲಿಗೆ ಜೋಡಣೆಯಾಗಿತ್ತು. ದುಡ್ಡು ನಿಂತೇ ಇರಲಿಲ್ಲ, 6,000 ರೂಪಾಯಿ ಆ ಹೊಸ ಖಾತೆಯಲ್ಲಿ ಕೂತಿತ್ತು! ಇದನ್ನು ಹುಡುಕೋಕೆ ನನಗೆ ಬೇಕಾಗಿದ್ದು ಇಪ್ಪತ್ತು ನಿಮಿಷ.

ಎರಡು ದಿನ ಬಿಟ್ಟು ಬೆಳಿಗ್ಗೆ ನೋಡ್ತೀನಿ, ಅಜ್ಜಿ ತನ್ನ ಓಣಿಯ ಇನ್ನೂ ಮೂವರು ಮುದುಕಿಯರನ್ನು ಕರ್ಕೊಂಡು ಬಾಗಿಲಲ್ಲಿ ಕೂತಿದ್ದಾಳೆ. ಅವತ್ತು ಬೆಳೆ ಸಮೀಕ್ಷೆಗೆ ಕೊನೆ ದಿನ.