ಆರೈಕೆ ಮಾಡಿದವರಿಗೂ ವಯಸ್ಸಾಗುತ್ತದೆ

ವೃದ್ಧಾಶ್ರಮ ಅಂದ ಕೂಡಲೇ ನಮ್ಮಲ್ಲಿ ಮಾತು ಮಕ್ಕಳ ಕಡೆ ತಿರುಗುತ್ತದೆ. ಮಗ ನೋಡಿಕೊಳ್ಳಲಿಲ್ಲ, ಸೊಸೆ ಸರಿಯಿಲ್ಲ, ಕಾಲ ಕೆಟ್ಟಿತು. ಅಲ್ಲಿ ಮಲಗಿದ್ದವರನ್ನು ಮಗ್ಗುಲು ತಿರುಗಿಸುವವರು, ಬಟ್ಟೆ ಬದಲಿಸುವವರು, ರಾತ್ರಿ ಎದ್ದು ನೀರು ಕೊಡುವವರು ಯಾರು ಅಂತ ಕೇಳುವವರು ಕಡಿಮೆ. ಅವರಿಗೇ ವಯಸ್ಸಾದಾಗ ಏನು ಗತಿ ಅಂತ ಕೇಳುವವರಂತೂ ಇಲ್ಲವೇ ಇಲ್ಲ. ಈ ಪ್ರಶ್ನೆಗೆ ತಮ್ಮದೇ ರೀತಿಯಲ್ಲಿ ಉತ್ತರ ಹುಡುಕಿದ ಒಂದು ಜನರ ಬಗ್ಗೆ ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಊರು ಅಮೆರಿಕದ ಕಾನ್ಸಾಸ್ ರಾಜ್ಯದ ನ್ಯೂಟನ್. ಜನ ಮೆನೊನೈಟರು. 16ನೇ ಶತಮಾನದ ಯುರೋಪಿನಲ್ಲಿ ಹುಟ್ಟಿದ ಕ್ರೈಸ್ತ ಪಂಥ ಇವರದು. ಆಯುಧ ಹಿಡಿಯುವುದಿಲ್ಲ, ಸೈನ್ಯಕ್ಕೆ ಸೇರುವುದಿಲ್ಲ. ಕಾನ್ಸಾಸ್‌ಗೆ ಬಂದವರಲ್ಲಿ ಬಹಳ ಜನ ಇಂದಿನ ಉಕ್ರೇನಿನಲ್ಲಿದ್ದ ಜರ್ಮನ್ ಮಾತಿನ ರೈತರು. ಆಗ ಅಲ್ಲಿ ಆಳುತ್ತಿದ್ದ ರಷ್ಯಾದ ಝಾರ್ ಸರ್ಕಾರ ಸೈನ್ಯದ ವಿನಾಯಿತಿ ಕಿತ್ತುಕೊಳ್ಳಲು ಹೊರಟಾಗ, 1874ರಿಂದ ಗುಂಪು ಗುಂಪಾಗಿ ಹಡಗು ಹತ್ತಿದರು.

ಈ ಜನರಲ್ಲಿ ಮುದುಕರನ್ನು, ರೋಗಿಗಳನ್ನು ನೋಡಿಕೊಳ್ಳುವುದು ಬರೀ ಮನೆಯವರ ಕೆಲಸವಾಗಿರಲಿಲ್ಲ. 1632ರಲ್ಲಿ ಹಾಲೆಂಡಿನ ಡೋರ್ಡ್ರೆಕ್ಟ್‌ನಲ್ಲಿ ಅವರು ತಮ್ಮ ನಂಬಿಕೆಗಳನ್ನು ಬರೆದಿಟ್ಟರು. ಹಿರಿಯ ವಿಧವೆಯರನ್ನು ಡೀಕನೆಸ್‌ಗಳಾಗಿ, ಅಂದರೆ ಚರ್ಚಿನ ಸೇವಕಿಯರಾಗಿ, ಆರಿಸಬೇಕು, ಅವರು ಬಡವರನ್ನು, ಕಾಯಿಲೆಯವರನ್ನು ನೋಡಿಕೊಳ್ಳಬೇಕು ಅಂತ ಅದರಲ್ಲೇ ಇದೆ. ವಿಧವೆಗೆ ಜವಾಬ್ದಾರಿಯ ಜಾಗ ಕೊಟ್ಟಿದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

1820ರ ದಶಕದಲ್ಲಿ ಥಿಯೊಡೋರ್ ಫ್ಲೀಡ್ನರ್ ಅನ್ನುವ ಜರ್ಮನ್ ಪಾದ್ರಿ ತನ್ನ ಬಡ ಚರ್ಚಿಗೆ ಚಂದಾ ಎತ್ತಲು ಹಾಲೆಂಡಿಗೆ ಹೋದರು. ಅಲ್ಲಿ ಮೆನೊನೈಟ್ ಡೀಕನೆಸ್‌ಗಳನ್ನು ಕಂಡರು. ಅದು ಮನಸ್ಸಿನಲ್ಲಿ ಉಳಿಯಿತು. 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಹೆಣ್ಣುಮಕ್ಕಳಿಗೆ ಶುಶ್ರೂಷೆ ಕಲಿಸುವ ಸಂಸ್ಥೆ ಶುರು ಮಾಡಿದರು. 1851ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕಲಿತದ್ದು ಅಲ್ಲೇ. ನೈಟಿಂಗೇಲ್ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆ ಡಚ್ ಹೆಂಗಸರು ಯಾರಿಗೂ ಗೊತ್ತಿಲ್ಲ.

ಕಾನ್ಸಾಸ್‌ನಲ್ಲಿ ಈ ಡೀಕನೆಸ್ ಪದ್ಧತಿಯನ್ನು ಮತ್ತೆ ಕಟ್ಟಬೇಕು ಅಂತ ಓಡಾಡಿದವರು ಮೆನೊನೈಟ್ ಮುಖಂಡ ಡೇವಿಡ್ ಗರ್ಟ್ಸ್. 1900ರ ಬರಗಾಲದಲ್ಲಿ ಕಾನ್ಸಾಸ್ ರೈತರು ಕೊಟ್ಟ ಧಾನ್ಯ ಹಂಚಲು ಭಾರತಕ್ಕೂ ಬಂದಿದ್ದ ಮನುಷ್ಯ. ಅವರ ಮಾತಿನಿಂದ ಹುರುಪುಗೊಂಡ ಹುಡುಗಿ ಫ್ರೀಡಾ ಕೌಫ್‌ಮನ್. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಚಿಕ್ಕವಳಿದ್ದಾಗಲೇ ಕಾನ್ಸಾಸ್‌ಗೆ ಬಂದವಳು. ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ತರಬೇತಿ ಪಡೆದಳು. 1908ರಲ್ಲಿ ಕ್ಯಾಥರೀನ್ ವೋತ್, ಐಡಾ ಎಪ್ ಜೊತೆ ಡೀಕನೆಸ್ ಆಗಿ ದೀಕ್ಷೆ ಪಡೆದಳು. ಅದೇ ವರ್ಷ ನ್ಯೂಟನ್‌ನಲ್ಲಿ ಬೆಥೆಲ್ ಡೀಕನೆಸ್ ಆಸ್ಪತ್ರೆ ತೆರೆಯಿತು. 1944ರಲ್ಲಿ ತೀರಿಕೊಳ್ಳುವವರೆಗೂ ಸಿಸ್ಟರ್ ಫ್ರೀಡಾ ಬದುಕಿದ್ದು ಈ ಕೆಲಸಕ್ಕೇ.

1920ರ ದಶಕದಲ್ಲಿ ಈ ಆಸ್ಪತ್ರೆ ನಡೆಸುತ್ತಿದ್ದ ಡೀಕನೆಸ್ ಸಂಸ್ಥೆ ಬೆಥೆಲ್ ಹೋಮ್ ಅನ್ನುವ ಹಿರಿಯರ ಮನೆಯನ್ನೂ ಕಟ್ಟಿತು. ಆಗ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿ ವ್ಯವಸ್ಥೆ ಇನ್ನೂ ಬಂದಿರಲಿಲ್ಲ. ಗತಿಯಿಲ್ಲದ ಮುದುಕರು ಜಿಲ್ಲೆಯ ಬಡವರ ಫಾರ್ಮಿಗೆ, ಅಂದರೆ ನಿರ್ಗತಿಕರನ್ನು ಇಡುವ ಸರ್ಕಾರಿ ಜಾಗಕ್ಕೆ, ಹೋಗಬೇಕಿತ್ತು. ಅದೂ ಮೊದಲ ಮಹಾಯುದ್ಧದ ನಂತರದ ದಿನಗಳು. ಯುದ್ಧದ ಖರ್ಚಿಗೆ ಸರ್ಕಾರ ಸಾಲ ಎತ್ತುವ ಬಾಂಡ್ ಕೊಳ್ಳಲಿಲ್ಲ ಅಂತ ಕಾನ್ಸಾಸ್‌ನ ಮೆನೊನೈಟ್ ರೈತರ ಮೇಲೆ ಗುಂಪುಗಳು ಕೈ ಮಾಡಿದ್ದವು. ಜರ್ಮನ್ ಬಿಟ್ಟು ಬೇರೆ ಮಾತು ಸರಿಯಾಗಿ ಬಾರದ ಒಬ್ಬ ಅಜ್ಜಿ ಆ ಫಾರ್ಮಿನಲ್ಲಿ ಹೇಗೆ ಇದ್ದಾಳು, ಹೇಳಿ? ತನ್ನ ಭಾಷೆಯಲ್ಲಿ ಮಾತಾಡಿಸುವವರು, ತನ್ನ ಪ್ರಾರ್ಥನೆ ಗೊತ್ತಿರುವವರು ಇರುವ ಮನೆ ಬೇಕಿತ್ತು. ಮಕ್ಕಳು ತಳ್ಳಿದ್ದರಿಂದಲೇ ಇಂಥ ಮನೆಗಳು ಹುಟ್ಟುತ್ತವೆ ಅಂತ ಹೇಳುವವರು ಇದನ್ನು ಗಮನಿಸಬೇಕು. ಮಕ್ಕಳೇ ಇಲ್ಲದವರು, ಮದುವೆಯಾಗದವರು, ವಲಸೆ ಬಂದು ಒಂಟಿಯಾದವರು ಎಲ್ಲ ಕಾಲದಲ್ಲೂ ಇದ್ದರು ಅಲ್ವಾ?

ಇನ್ನು ಡೀಕನೆಸ್‌ಗಳ ಕರಾರು. ಸಂಬಳ ಇಲ್ಲ. ಊಟ, ವಸತಿ, ಉಡುಪು, ಕೈಖರ್ಚಿಗೆ ಸ್ವಲ್ಪ ದುಡ್ಡು. ಬದಲಿಗೆ ಒಂದು ಮಾತು: ಕಾಯಿಲೆ ಬಿದ್ದರೆ, ಮುದುಕಿಯಾದರೆ, ಕೊನೆಯವರೆಗೆ ಸಂಸ್ಥೆಯೇ ನೋಡಿಕೊಳ್ಳುತ್ತದೆ. ನಮ್ಮ ನಗರಗಳಲ್ಲಿ ಮನೆಗೆ ಬಂದು ಹಿರಿಯರನ್ನು ನೋಡಿಕೊಳ್ಳುವ ಎಷ್ಟು ಹೆಂಗಸರಿಗೆ ಇಂಥ ಮಾತು ಕೊಟ್ಟವರಿದ್ದಾರೆ? ಏಜೆನ್ಸಿ ತಿಂಗಳಿಗಿಷ್ಟು ಅಂತ ತೆಗೆದುಕೊಳ್ಳುತ್ತದೆ, ಇವರ ಸೊಂಟ ಬಿದ್ದ ದಿನ ಬೇರೆಯವರನ್ನು ಕಳಿಸುತ್ತದೆ.

ಹಾಗಂತ ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳ ದುಡಿಮೆಗೆ ಸಂಬಳ ಕೊಡದೆ ಅದನ್ನು ಸೇವೆ ಅಂತ ಹೊಗಳಿದ್ದು ತಪ್ಪೇ. ಕ್ರಮೇಣ ಹುಡುಗಿಯರು ಸಂಬಳ ಬರುವ ನರ್ಸ್ ಕೆಲಸದ ಕಡೆ ಹೋದರು, ಡೀಕನೆಸ್ ಆಗುವವರು ಕಡಿಮೆಯಾದರು. ಅವರನ್ನು ಯಾರೂ ದೂರುವಂತಿಲ್ಲ. 1988ರಲ್ಲಿ ಬೆಥೆಲ್ ಆಸ್ಪತ್ರೆ ಊರಿನ ಇನ್ನೊಂದು ಆಸ್ಪತ್ರೆಯ ಜೊತೆ ಸೇರಿಹೋಯಿತು. ಹಿರಿಯರ ಮನೆಯ ಹೆಸರು ಈಗ ಪಕ್ಕದ ನಾರ್ತ್ ನ್ಯೂಟನ್‌ನ ಕಿಡ್ರನ್ ಬೆಥೆಲ್ ವಿಲೇಜ್‌ನಲ್ಲಿ ಉಳಿದಿದೆ.

ಆದರೆ ಸಂಬಳ ಬಂದ ಮೇಲೂ ಮುಪ್ಪಿನ ಭದ್ರತೆ ತಾನಾಗಿ ಬರಲಿಲ್ಲ. 1935ರಲ್ಲಿ ಅಮೆರಿಕ ಮುಪ್ಪಿನ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾನೂನು ತಂದಾಗ ಚರ್ಚ್ ಮತ್ತು ಸೇವಾಸಂಸ್ಥೆಗಳ ನೌಕರರನ್ನು ಹೊರಗೇ ಇಟ್ಟಿತು. 1950ರ ತಿದ್ದುಪಡಿಯಿಂದ ಅವರಿಗೂ ದಾರಿ ತೆರೆಯಿತು, ಅದೂ ಸಂಸ್ಥೆ ಒಪ್ಪಿದರೆ ಮಾತ್ರ. ಎಲ್ಲರಿಗೂ ಕಡ್ಡಾಯವಾದದ್ದು 1984ರಲ್ಲಿ. ಅಷ್ಟು ವರ್ಷ ಬೇರೆಯವರ ಅಜ್ಜ ಅಜ್ಜಿಯರ ಆರೈಕೆ ಮಾಡಿದ ಎಷ್ಟೋ ಹೆಂಗಸರ ಮುಪ್ಪು ಯಾರ ಲೆಕ್ಕದಲ್ಲೂ ಇರಲಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.